ಎಲ್ಲಿಸ್ ಐಲ್ಯಾಂಡಿಗೆ ಹೊರಟಿದ್ದೀರಾ? ಪ್ರತಿಮೆ ಆಮೇಲೆ ನೋಡಿ

ಊರಿಂದ ಅಪ್ಪ ಅಮ್ಮ ಬಂದರೆ ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಬ್ರಿಡ್ಜ್‌ವಾಟರ್ ದೇವಸ್ಥಾನ, ನಯಾಗರ, ಟೈಮ್ಸ್ ಸ್ಕ್ವೇರ್, ಲಿಬರ್ಟಿ ಪ್ರತಿಮೆ. ಎಲ್ಲಿಸ್ ಐಲ್ಯಾಂಡ್ ಈ ಪಟ್ಟಿಯಲ್ಲಿ ಇರುವುದೇ ಇಲ್ಲ. ಪ್ರತಿಮೆಯ ಟಿಕೆಟ್ಟಿನ ಜೊತೆ ಅದು ಕೊಸರಿನ ಹಾಗೆ ಬರುತ್ತದೆ. ಅಷ್ಟು ಹೊತ್ತಿಗೆ ಮಕ್ಕಳಿಗೆ ಹಸಿವು, ಹಿರಿಯರಿಗೆ ಕಾಲುನೋವು. ‘ಬೋಟಿನಿಂದಲೇ ಕಂಡಿತಲ್ಲ, ನಡೀರಿ ಮನೆಗೆ’ ಅಂದುಬಿಡುತ್ತೇವೆ.

ನಾನು ಮೂರು ಸಲ ಹೊರಟಿದ್ದೇನೆ. ಮೊದಲ ಸಲ ದ್ವೀಪಕ್ಕೆ ಕಾಲಿಡಲೇ ಇಲ್ಲ, ಆ ಕತೆ ಮುಂದೆ ಬರುತ್ತದೆ. ಎರಡನೇ ಸಲ ಇಳಿದೆ, ಮುಕ್ಕಾಲು ಗಂಟೆಯಲ್ಲಿ ಓಡಿ ಬಂದೆ. ಮೂರನೇ ಸಲ ಅಪ್ಪ ಅಮ್ಮನ ಜೊತೆ ಹೋದಾಗ ಕ್ರಮ ತಿರುಗಿಸಿದೆ. ಮೊದಲು ಎಲ್ಲಿಸ್, ಪ್ರತಿಮೆ ಆಮೇಲೆ. ಮೂರು ಗಂಟೆ ಕಳೆದರೂ ಅಪ್ಪ ಹೊರಗೆ ಬರಲು ಒಪ್ಪಲಿಲ್ಲ. ನಿಮಗೂ ಹಾಗೇ ಮಾಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹಡಗಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡಿ ಅಮೆರಿಕದ ಒಳಗೆ ಬಿಡುತ್ತಿದ್ದ ಜಾಗ ಇದು. 1892ರ ಜನವರಿ 1ರಂದು ಶುರುವಾಯಿತು, 1954ರ ನವೆಂಬರಿನಲ್ಲಿ ಮುಚ್ಚಿತು. ಅಷ್ಟರಲ್ಲಿ ಸುಮಾರು 1 ಕೋಟಿ 20 ಲಕ್ಷ ಜನ ಇಲ್ಲಿಂದ ಹಾದುಹೋಗಿದ್ದರು. ಮುಖ್ಯ ಕಟ್ಟಡ ಪಾಳು ಬಿದ್ದಿತ್ತು. ಅದನ್ನು ರಿಪೇರಿ ಮಾಡಿ 1990ರಲ್ಲಿ ಮ್ಯೂಸಿಯಂ ಆಗಿ ತೆರೆದರು.

ಯಾವ ದಡದಿಂದ ಹೊರಡಬೇಕು

ಫೆರಿ ಎರಡು ಕಡೆಯಿಂದ ಹೊರಡುತ್ತದೆ. ಒಂದು ಮ್ಯಾನ್‌ಹಟನ್ನಿನ ತುದಿಯಲ್ಲಿರುವ ಬ್ಯಾಟರಿ ಪಾರ್ಕ್, ಇನ್ನೊಂದು ಜೆರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕ್. ಬ್ಯಾಟರಿಯ ಬೋಟು ಮೊದಲು ಪ್ರತಿಮೆಗೆ ಹೋಗಿ ಆಮೇಲೆ ಎಲ್ಲಿಸ್‌ಗೆ ಬರುತ್ತದೆ. ಜೆರ್ಸಿಯ ಬೋಟು ಮೊದಲು ಎಲ್ಲಿಸ್‌ಗೇ ಹೋಗುತ್ತದೆ. ಬೆಳಗಿನ ಮೊದಲ ಬೋಟು ಹಿಡಿದರೆ ತಲೆ ತಣ್ಣಗಿರುವಾಗ, ಜನ ಕಡಿಮೆ ಇರುವಾಗ ಮ್ಯೂಸಿಯಂ ಒಳಗೆ ಇರುತ್ತೀರಿ.

ಹಾಗಾಗಿ ಕಾರು ಇರುವವರು ಕಣ್ಣು ಮುಚ್ಚಿಕೊಂಡು ಜೆರ್ಸಿ ಕಡೆಯಿಂದಲೇ ಹೋಗಿ. ಪಾರ್ಕಿಂಗ್ ಅಲ್ಲೇ ಇದೆ, ಸ್ವಲ್ಪ ದುಡ್ಡು ಕೊಡಬೇಕು. ಲೈಟ್ ರೈಲಿನಲ್ಲಿ ಬಂದರೆ ಲಿಬರ್ಟಿ ಸ್ಟೇಟ್ ಪಾರ್ಕ್ ಅನ್ನುವ ಸ್ಟಾಪೇ ಇದೆ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಅಲ್ಲಿಂದ ಫೆರಿಗೆ ಸುಮಾರು ಅರ್ಧ ಗಂಟೆ ನಡಿಗೆ, ಹಿರಿಯರಿದ್ದರೆ ಬೇಡ. ಪಾರ್ಕಿನಿಂದ ದ್ವೀಪಕ್ಕೆ ಒಂದು ಸೇತುವೆ ಕಾಣುತ್ತದೆ. ಅದು ಸಿಬ್ಬಂದಿಗೆ ಮಾತ್ರ.

ನ್ಯೂಯಾರ್ಕಿನಲ್ಲೇ ಉಳಿದುಕೊಂಡವರಿಗೆ ಬ್ಯಾಟರಿಯೇ ಹತ್ತಿರ. 1 ನಂಬರ್ ಸಬ್‌ವೇಯಲ್ಲಿ ಸೌತ್ ಫೆರಿ, ಅಥವಾ 4, 5ರಲ್ಲಿ ಬೌಲಿಂಗ್ ಗ್ರೀನ್. ಟಿಕೆಟ್ ಕೌಂಟರ್ ಇರುವ ಗುಂಡನೆಯ ಕಲ್ಲುಕೋಟೆಯನ್ನೂ ಒಮ್ಮೆ ಸರಿಯಾಗಿ ನೋಡಿ. ಅದು ಕ್ಯಾಸಲ್ ಕ್ಲಿಂಟನ್. ಎಲ್ಲಿಸ್‌ಗಿಂತ ಮುಂಚೆ, 1855ರಿಂದ 1890ರವರೆಗೆ, ವಲಸೆ ಬಂದವರನ್ನು ಇಳಿಸಿಕೊಳ್ಳುತ್ತಿದ್ದದ್ದು ಅಲ್ಲೇ.

ಟಿಕೆಟ್, ಮತ್ತು ನಾನು ಟೋಪಿ ಹಾಕಿಸಿಕೊಂಡ ಕತೆ

ದ್ವೀಪಗಳಿಗೆ ಪ್ರವೇಶ ಶುಲ್ಕ ಇಲ್ಲ. ನೀವು ಕೊಡುವುದು ಫೆರಿಯ ದುಡ್ಡು. ದೊಡ್ಡವರಿಗೆ 25 ಡಾಲರ್ ಆಸುಪಾಸು, 62 ದಾಟಿದವರಿಗೆ ಸ್ವಲ್ಪ ಕಡಿಮೆ, 4 ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಎರಡೂ ದ್ವೀಪ, ಆಡಿಯೊ ಗೈಡ್ ಎಲ್ಲ ಅದರಲ್ಲೇ ಬಂತು. ಮಾರುವ ಅಧಿಕಾರ ಇರುವುದು ಸ್ಟ್ಯಾಚ್ಯೂ ಸಿಟಿ ಕ್ರೂಸಸ್ ಒಂದಕ್ಕೇ. ಅವರ ಸೈಟಿನಲ್ಲಿ ತಗೊಳ್ಳಿ, ದಿನ, ಸಮಯ, ಹೊರಡುವ ಜಾಗ ಮೂರನ್ನೂ ಸರಿಯಾಗಿ ಆರಿಸಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೊದಲ ಸಲ ನಾನು ಬ್ಯಾಟರಿ ಪಾರ್ಕಿನ ಹತ್ತಿರ ಸಬ್‌ವೇ ಮೆಟ್ಟಿಲು ಹತ್ತಿ ಬಂದ ಕೂಡಲೇ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಎದುರಿಗೆ ಬಂದ. ಕೋಟೆಯ ಹತ್ತಿರದ ಕ್ಯೂ ಎರಡು ಗಂಟೆ ಅಂದ. ತನ್ನ ಬೋಟು ಈಗಲೇ ಹೊರಡುತ್ತದೆ ಅಂದ. ನಾಲ್ಕು ಟಿಕೆಟ್ ತಗೊಂಡೆ. ಬೋಟು ಪ್ರತಿಮೆಯ ಮುಂದೆ ಒಂದು ಸುತ್ತು ಹಾಕಿತು, ಎಲ್ಲಿಸ್ ಮುಂದೆ ನಿಧಾನ ಮಾಡಿತು, ಆಮೇಲೆ ನೇರ ವಾಪಸ್ಸು. ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು, ಎಲ್ಲೂ ಇಳಿಸುವುದಿಲ್ಲ ಅಂತ. ಓದದೇ ಇದ್ದದ್ದು ನನ್ನ ತಪ್ಪು. ದಾರಿಯಲ್ಲಿ ನಿಂತು ಮಾರುವವರ ಮುಖವನ್ನೂ ನೋಡದೆ ಮುಂದೆ ಹೋಗಿ. ಸ್ಟೇಟನ್ ಐಲ್ಯಾಂಡ್ ಫೆರಿ ಪುಕ್ಕಟೆ, ನಿಜ. ಪ್ರತಿಮೆ ದೂರದಿಂದ ಕಾಣುತ್ತದೆ, ಅದೂ ನಿಜ. ಆದರೆ ಅದು ಈ ಎರಡು ದ್ವೀಪಗಳಲ್ಲಿ ನಿಲ್ಲುವುದಿಲ್ಲ.

ಪ್ರತಿಮೆಯ ಕಿರೀಟಕ್ಕೆ ಹತ್ತಬೇಕು ಅನ್ನುವವರು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಕೊನೆಯ ಭಾಗ 162 ಇಕ್ಕಟ್ಟಾದ ಮೆಟ್ಟಿಲು, ಲಿಫ್ಟ್ ಇಲ್ಲ. ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಅದರ ಯೋಚನೆಯೇ ಬೇಡ ಅಂತ ನನ್ನ ಅಭಿಪ್ರಾಯ.

ಥ್ಯಾಂಕ್ಸ್‌ಗಿವಿಂಗ್ ದಿನ ಮತ್ತು ಡಿಸೆಂಬರ್ 25, ಎರಡು ದಿನ ರಜೆ.

ಬ್ಯಾಗಿನಲ್ಲಿ ಏನಿರಲಿ

ಬೋಟು ಹತ್ತುವ ಮುಂಚೆ ಏರ್‌ಪೋರ್ಟಿನಂಥ ತಪಾಸಣೆ ಇದೆ. ಬೆಲ್ಟು ಬಿಚ್ಚಬೇಕು, ಬ್ಯಾಗು ಸ್ಕ್ಯಾನ್ ಆಗಬೇಕು. ದೊಡ್ಡ ಬ್ಯಾಗು, ಚಾಕು ಬಿಡುವುದಿಲ್ಲ. ಹಣ್ಣು ಹೆಚ್ಚುವುದಕ್ಕೆ ಅಂತ ಅಮ್ಮ ಪರ್ಸಿನಲ್ಲಿ ಇಟ್ಟುಕೊಂಡಿರುವ ಪುಟ್ಟ ಚಾಕುವನ್ನು ಮನೆಯಲ್ಲೇ ತೆಗೆದಿಡಿ.

ದ್ವೀಪದಲ್ಲಿ ಕೆಫೆ ಇದೆ. ಆದರೆ ನಮ್ಮ ಸಸ್ಯಾಹಾರಿ ಹಿರಿಯರಿಗೆ ಅಲ್ಲಿ ಸಿಗುವುದು ಹೆಚ್ಚೂಕಮ್ಮಿ ಫ್ರೆಂಚ್ ಫ್ರೈಸ್. ಚಿಕ್ಕ ಡಬ್ಬಿಯಲ್ಲಿ ಚಪಾತಿ ಪಲ್ಯ ಸುತ್ತಿ ತಗೊಂಡು ಹೋಗಿ, ಹೊರಗೆ ನೀರಿನ ಪಕ್ಕ ಕೂತು ತಿನ್ನಿ. ಚಳಿಗಾಲ ಅಲ್ಲದಿದ್ದರೂ ಒಂದು ಸ್ವೆಟರ್ ಇರಲಿ, ಬೋಟಿನ ಮೇಲೆ ಗಾಳಿ ಜಾಸ್ತಿ. ನಡೆಯಲು ಕಷ್ಟ ಇರುವವರಿಗೆ ಒಳಗೆ ಲಿಫ್ಟ್ ಇದೆ. ಮಾಹಿತಿ ಕೌಂಟರಿನಲ್ಲಿ ಗಾಲಿಕುರ್ಚಿ ಕೇಳಿ ನೋಡಿ, ಮೊದಲು ಬಂದವರಿಗೆ ಕೊಡುತ್ತಾರೆ.

ಆಡಿಯೊ ಗೈಡ್ ಹಲವು ಭಾಷೆಗಳಲ್ಲಿದೆ, ಕನ್ನಡ ಇಲ್ಲ. ಇಂಗ್ಲಿಷ್ ಬಾರದವರು ಜೊತೆಗಿದ್ದರೆ ನೀವೇ ದುಭಾಷಿ. ಆ ಕಟ್ಟಡದಲ್ಲಿ ದುಭಾಷಿ ಅನ್ನುವುದು ಸಣ್ಣ ಹುದ್ದೆಯೇನಲ್ಲ. 1907ರಿಂದ 1910ರವರೆಗೆ ಅಲ್ಲಿ ದುಭಾಷಿಯಾಗಿದ್ದ ಫಿಯೊರೆಲ್ಲೊ ಲಾಗಾರ್ಡಿಯಾ ಆಮೇಲೆ ನ್ಯೂಯಾರ್ಕಿನ ಮೇಯರ್ ಆದರು. ಲಾಗಾರ್ಡಿಯಾ ಏರ್‌ಪೋರ್ಟಿಗೆ ಇಟ್ಟಿರುವುದು ಅವರ ಹೆಸರನ್ನೇ.

ಒಳಗೆ: ಲಗೇಜಿನಿಂದ ಶುರು ಮಾಡಿ

ಬಾಗಿಲು ದಾಟಿದರೆ ಬ್ಯಾಗೇಜ್ ರೂಮ್. ಟ್ರಂಕು, ಬುಟ್ಟಿ, ಹಗ್ಗ ಕಟ್ಟಿದ ಗಂಟುಗಳ ರಾಶಿ. ಜನ ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನಮ್ಮಪ್ಪ ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡಿದವರು. ಅಲ್ಲೇ ನಿಂತುಬಿಟ್ಟರು. ‘ರಸೀದಿ ಕೊಡ್ತಿದ್ರೇನೋ? ಕಳೆದುಹೋದ್ರೆ ಯಾರು ಹೊಣೆ?’ ಅಂತ ನನ್ನನ್ನು ಕೇಳಿದರು. ಕೊಡುತ್ತಿದ್ದರು. ಆದರೂ ಇರುವುದೆಲ್ಲ ಆ ಗಂಟಿನಲ್ಲೇ ಇತ್ತಲ್ಲ, ಬಿಟ್ಟು ಹೋಗಲು ಹೆದರಿ ಹೊತ್ತುಕೊಂಡೇ ಮೇಲೆ ಹತ್ತಿದವರೂ ಇದ್ದರು.

ಇಲ್ಲಿ ಒಂದು ವಿಷಯ ಹಿರಿಯರಿಗೆ ಹೇಳಿ. ಎಲ್ಲಿಸ್‌ಗೆ ಬರುತ್ತಿದ್ದವರು ಮುಖ್ಯವಾಗಿ ಹಡಗಿನ ತಳದಲ್ಲಿ, ಅಗ್ಗದ ಟಿಕೆಟ್ಟಿನಲ್ಲಿ ಬಂದವರು. ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸಿನವರನ್ನು ಹಡಗಿನಲ್ಲೇ ನೋಡಿ ಕಳಿಸಿಬಿಡುತ್ತಿದ್ದರು. ಇದಿಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಬೇರೆಯೇ ಆಗಿ ಕಾಣುತ್ತದೆ.

ಆಮೇಲೆ ಮೆಟ್ಟಿಲು. ಲಿಫ್ಟ್ ಬೇಡ, ಆದರೆ ನಿಧಾನವಾಗಿ ಹತ್ತಿ. ಆ ಮೆಟ್ಟಿಲೇ ಒಂದು ಪರೀಕ್ಷೆ ಅಂತ ಬಂದವರಿಗೆ ಗೊತ್ತಿರಲಿಲ್ಲ. ಯಾರು ಏದುಸಿರು ಬಿಡುತ್ತಾರೆ, ಯಾರು ಕುಂಟುತ್ತಾರೆ ಅಂತ ಡಾಕ್ಟರುಗಳು ನೋಡುತ್ತಾ ನಿಂತಿರುತ್ತಿದ್ದರು. ಒಬ್ಬೊಬ್ಬರಿಗೆ ಕೆಲವೇ ಸೆಕೆಂಡು. ಸಂಶಯ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಹೃದಯಕ್ಕೆ ಎಚ್, ಕುಂಟಿಗೆ ಎಲ್, ಕಣ್ಣಿಗೆ ಇ, ಬುದ್ಧಿ ಸ್ಥಿಮಿತದ ಬಗ್ಗೆ ಅನುಮಾನ ಇದ್ದರೆ ಎಕ್ಸ್. ಕೋಟು ತಿರುವಿ ಹಾಕಿಕೊಂಡು ಗುರುತು ಮುಚ್ಚಿ ದಾಟಿದವರೂ ಉಂಟು. ಎಲ್ಲರೂ ಹೆದರುತ್ತಿದ್ದದ್ದು ಕಣ್ಣಿನ ಡಾಕ್ಟರಿಗೆ. ಟ್ರಕೋಮಾ ಅನ್ನುವ ಅಂಟುರೋಗ ಇದೆಯಾ ಅಂತ ರೆಪ್ಪೆಯನ್ನು ಮಗುಚಿ ನೋಡುತ್ತಿದ್ದರು, ಕೆಲವೊಮ್ಮೆ ಬೂಟಿನ ಗುಂಡಿ ಹಾಕುವ ಕೊಕ್ಕೆಯಲ್ಲಿ.

ದೊಡ್ಡ ಹಾಲ್: ಇಲ್ಲಿ ಕೂತುಕೊಳ್ಳಿ

ಮೆಟ್ಟಿಲ ತುದಿಯಲ್ಲಿ ರಿಜಿಸ್ಟ್ರಿ ರೂಮ್. ಕಮಾನಿನ ಚಾವಣಿ ಸುಮಾರು 56 ಅಡಿ ಎತ್ತರ. ಹಾಲ್ ಹೆಚ್ಚುಕಡಿಮೆ ಖಾಲಿ, ಅಲ್ಲಲ್ಲಿ ಮರದ ಬೆಂಚು. ಅವಸರದಲ್ಲಿ ಬಂದವರಿಗೆ ‘ಏನೂ ಇಲ್ವಲ್ಲ’ ಅನ್ನಿಸುತ್ತದೆ. ಎರಡನೇ ಸಲ ಬಂದಾಗ ನನಗೂ ಹಾಗೇ ಅನ್ನಿಸಿತ್ತು. ಒಂದು ಬೆಂಚಿನ ಮೇಲೆ ಹತ್ತು ನಿಮಿಷ ಕೂತು ಶಬ್ದ ಕೇಳಿ. 1907ರ ಏಪ್ರಿಲ್ 17ರಂದು ಒಂದೇ ದಿನ 11,747 ಜನ ಈ ಕಟ್ಟಡದ ಮೂಲಕ ಹೋದರು. ಆ ವರ್ಷ ಒಟ್ಟು 10 ಲಕ್ಷ ದಾಟಿತು.

ತಲೆ ಎತ್ತಿ ಚಾವಣಿ ನೋಡಿ. 1916ರಲ್ಲಿ ಹತ್ತಿರದ ಬ್ಲ್ಯಾಕ್ ಟಾಮ್ ಧಕ್ಕೆಯಲ್ಲಿ ಮದ್ದುಗುಂಡು ಸ್ಫೋಟವಾಗಿ ಹಳೆಯ ಚಾವಣಿ ಹಾಳಾಯಿತು. ಆಮೇಲೆ ಗುಸ್ತವಿನೊ ಕುಟುಂಬದವರು ಹೆಂಚಿನ ಬಿಲ್ಲೆಗಳಲ್ಲಿ ಈ ಕಮಾನು ಕಟ್ಟಿದರು. ಒಟ್ಟು 28,832 ಬಿಲ್ಲೆ. ದಶಕಗಳ ಕಾಲ ಮಳೆ ಗಾಳಿಗೆ ಬಿಟ್ಟ ಮೇಲೂ, ರಿಪೇರಿಯಲ್ಲಿ ಬದಲಿಸಬೇಕಾಗಿ ಬಂದದ್ದು ಬರೀ 17!

ಹಾಲಿನ ತುದಿಯಲ್ಲಿ ಎತ್ತರದ ಮೇಜುಗಳು. ಅಲ್ಲಿ ಕೂತ ಅಧಿಕಾರಿ ಹಡಗಿನ ಪಟ್ಟಿ ಇಟ್ಟುಕೊಂಡು 29 ಪ್ರಶ್ನೆ ಕೇಳುತ್ತಿದ್ದ. ಹೆಸರೇನು, ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು, ಎಷ್ಟು ಹಣ ಇದೆ, ಎಲ್ಲಿಗೆ ಹೋಗುತ್ತೀ, ಯಾರ ಮನೆ. ನಾನು ಅನುವಾದ ಮಾಡುತ್ತಾ ಹೋದ ಹಾಗೆ ಅಮ್ಮ ನಗಲು ಶುರು ಮಾಡಿದರು. ‘ಚೆನ್ನೈನಲ್ಲಿ ಆ ಹುಡುಗಿ ಇದನ್ನೇ ಕೇಳಿದಳಲ್ಲೋ!’ ವೀಸಾಕ್ಕೆ ಅಂತ ಫೈಲು ಹಿಡಿದು ಕಾನ್ಸುಲೇಟಿನ ಗಾಜಿನ ಮುಂದೆ ನಿಂತು ಅವರಿಗೆ ಇನ್ನೂ ಮೂರು ತಿಂಗಳಾಗಿರಲಿಲ್ಲ.

ಅಮ್ಮ ಹೇಳಿದ್ದು ತಮಾಷೆಗೆ, ಆದರೆ ಅದರ ಹಿಂದೆ ಇತಿಹಾಸವೂ ಇದೆ. 1924ರ ಕಾನೂನು ಬಂದ ಮೇಲೆ ತಪಾಸಣೆಯ ದೊಡ್ಡ ಪಾಲು ಈ ದ್ವೀಪದಿಂದ ಎದ್ದು ಆಯಾ ದೇಶದ ಅಮೆರಿಕನ್ ಕಾನ್ಸುಲೇಟುಗಳಿಗೆ ಹೋಯಿತು. ದ್ವೀಪದ ಜನಜಂಗುಳಿ ಕರಗಿದ್ದು ಆಗಲೇ. ಅಂದರೆ ಎಲ್ಲಿಸ್‌ನ ಎತ್ತರದ ಮೇಜು ಎಲ್ಲೂ ಹೋಗಿಲ್ಲ, ನಮ್ಮೂರಿನ ಹತ್ತಿರಕ್ಕೆ ಬಂದಿದೆ ಅಷ್ಟೆ.

ಒಂದು ಪ್ರಶ್ನೆಯಲ್ಲಿ ಮಾತ್ರ ಕಾಲ ತಲೆಕೆಳಗಾಗಿದೆ. ಇಲ್ಲಿ ನಿನಗೆ ಕೆಲಸ ಗೊತ್ತಾಗಿದೆಯಾ ಅಂತ ಕೇಳುತ್ತಿದ್ದರು. ಹೌದು ಅಂದರೆ ಕೆಟ್ಟೆ! ಕರಾರಿನ ಮೇಲೆ ಕೂಲಿಗಳನ್ನು ಕರೆಸುವುದನ್ನು 1885ರ ಕಾನೂನು ತಡೆದಿತ್ತು, ವಾಪಸ್ಸು ಕಳಿಸುತ್ತಿದ್ದರು. ಕೈಯಲ್ಲಿ ಕೆಲಸ ಇಲ್ಲದೆ ಎಚ್-1ಬಿ ವೀಸಾ ಸಿಗದ ನಮಗೆ ಇದನ್ನು ಕೇಳಿ ನಗು ಬರುತ್ತದೆ, ಅಲ್ವಾ? 1897ರಲ್ಲಿ ಬಂಗಾಳದ ಹೂಗ್ಲಿ ಕಡೆಯಿಂದ ಬಂದ ಕಸೂತಿ ಬಟ್ಟೆ ವ್ಯಾಪಾರಿಗಳ ಒಂದು ಗುಂಪು ಈ ಕಾನೂನಿಗೇ ಸಿಕ್ಕಿ ವಾಪಸ್ಸು ಹೋಗಬೇಕಾಯಿತು. ಅಂಥ ವ್ಯಾಪಾರಿಗಳು ಬೇಸಿಗೆಯಲ್ಲಿ ನ್ಯೂಜೆರ್ಸಿಯ ಆ್ಯಸ್ಬರಿ ಪಾರ್ಕ್, ಅಟ್ಲಾಂಟಿಕ್ ಸಿಟಿ ಬೀಚುಗಳಲ್ಲಿ ಬಟ್ಟೆ ಮಾರುತ್ತಿದ್ದರು. ನಾವು ವೀಕೆಂಡಿಗೆ ಹೋಗುವ ಅದೇ ಬೀಚುಗಳು.

ಹಾಲಿನ ಕೊನೆಯಲ್ಲಿ ಕೆಳಗಿಳಿಯುವ ಮೆಟ್ಟಿಲು ಮೂರು ಸಾಲಾಗಿ ಒಡೆಯುತ್ತದೆ. ಒಂದು ಬದಿ ರೈಲು ಹಿಡಿಯುವವರಿಗೆ, ಇನ್ನೊಂದು ನ್ಯೂಯಾರ್ಕಿಗೆ ಹೋಗುವವರಿಗೆ, ನಡುವಿನದು ತಡೆಹಿಡಿದವರಿಗೆ. ಕೊನೆಗೆ ವಾಪಸ್ಸು ಹೋದವರು ನೂರಕ್ಕೆ ಎರಡು ಜನ ಮಾತ್ರ. ಕಡಿಮೆ ಅನ್ನಿಸಬಹುದು. ಆದರೆ ಆ ಇಬ್ಬರಲ್ಲಿ ಒಬ್ಬಳು ಮಗು, ಮಿಕ್ಕವರೆಲ್ಲ ಪಾಸಾದವರು ಅಂತಾದರೆ ತಾಯಿ ಯಾವ ಮೆಟ್ಟಿಲು ಇಳಿಯಬೇಕು?

ಪಕ್ಕದ ಕೋಣೆಗಳು, ಮೂರನೇ ಮಹಡಿ

ಎರಡನೇ ಮಹಡಿಯ ಪಕ್ಕದ ಕೋಣೆಗಳಲ್ಲಿ ತಪಾಸಣೆಯ ಒಂದೊಂದು ಹಂತವನ್ನೂ ತೋರಿಸಿದ್ದಾರೆ. ಮಕ್ಕಳಿದ್ದರೆ ಬುದ್ಧಿ ಪರೀಕ್ಷೆಗೆ ಕೊಡುತ್ತಿದ್ದ ಮರದ ತುಂಡುಗಳ ಒಗಟು ತೋರಿಸಿ. ಭಾಷೆ ಬಾರದವರಿಗೂ ಆಗಬೇಕು ಅಂತ ಮಾಡಿದ್ದು. ಮೆಟ್ಟಿಲು ತೊಳೆಯುವುದಾದರೆ ಮೇಲಿಂದಲೋ ಕೆಳಗಿಂದಲೋ ಅಂತಲೂ ಕೇಳುತ್ತಿದ್ದರಂತೆ. ಮೆಟ್ಟಿಲು ತೊಳೆಯಲು ನಾನು ಅಮೆರಿಕಕ್ಕೆ ಬಂದಿಲ್ಲ ಅಂತ ಒಬ್ಬಳು ಹುಡುಗಿ ಉತ್ತರ ಕೊಟ್ಟದ್ದನ್ನು ಅಲ್ಲಿ ಓದಬಹುದು. ಊಟದ ಕತೆಗಳೂ ಇವೆ. ಬಾಳೆಹಣ್ಣನ್ನು ಜೀವನದಲ್ಲೇ ನೋಡಿರದ ಯೂರೋಪಿನವರು ಸಿಪ್ಪೆ ಸಮೇತ ಕಚ್ಚಿದ್ದನ್ನು ಹೇಳಿದಾಗ ಅಪ್ಪ ನಂಬಲಿಲ್ಲ.

‘ನನ್ನ ಅಜ್ಜನ ಹೆಸರನ್ನು ಎಲ್ಲಿಸ್‌ನಲ್ಲಿ ಬದಲಾಯಿಸಿದರು’ ಅಂತ ಅಮೆರಿಕನ್ ಗೆಳೆಯರು ಹೇಳುವುದನ್ನು ಕೇಳಿರುತ್ತೀರಿ. ಅದು ಹಾಗಲ್ಲ. ಅಧಿಕಾರಿಗಳು ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗು ಹತ್ತಿದ ಬಂದರಿನಲ್ಲಿ ತಯಾರಾದ ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದರು. ಹೆಸರು ಮೊಟಕು ಮಾಡಿಕೊಂಡದ್ದು ಹೆಚ್ಚಾಗಿ ಆಮೇಲೆ, ತಾವಾಗಿಯೇ. ಆಫೀಸಿನಲ್ಲಿ ನಾವೂ ವೆಂಕಟೇಶಮೂರ್ತಿ ಹೋಗಿ ವೆಂಕಿ ಆಗುತ್ತೇವಲ್ಲ, ಹಾಗೆ.

ಸಮಯ ಕಡಿಮೆ ಇದ್ದರೂ ಮೂರನೇ ಮಹಡಿ ಬಿಡಬೇಡಿ. ವಲಸೆ ಬಂದವರು ಮನೆಯಿಂದ ಹೊತ್ತು ತಂದ ಸಾಮಾನುಗಳನ್ನು ಅವರ ಕುಟುಂಬದವರು ಮ್ಯೂಸಿಯಂಗೆ ಕೊಟ್ಟಿದ್ದಾರೆ. ಕಸೂತಿ ಬಟ್ಟೆ, ಪ್ರಾರ್ಥನೆ ಪುಸ್ತಕ, ಅಡುಗೆ ಪಾತ್ರೆ, ಮದುವೆ ಉಡುಪು. ಅಮ್ಮ ಒಂದು ಪಾತ್ರೆಯ ಮುಂದೆ ನಿಂತು, ‘ಇಷ್ಟು ಭಾರ ಯಾಕೆ ಹೊತ್ತು ತಂದರೋ ಪಾಪ’ ಅಂದರು. 23 ಕಿಲೋದ ಸೂಟ್‌ಕೇಸಿನಲ್ಲಿ ನನಗೆ ಅಂತ ಕಬ್ಬಿಣದ ಕಾವಲಿ ತಂದವರು ಅವರೇ. ನಾನು ಏನೂ ಹೇಳಲಿಲ್ಲ.

ಮ್ಯೂಸಿಯಂನಲ್ಲಿ ಈಚೆಗೆ ದೊಡ್ಡ ನವೀಕರಣದ ಕೆಲಸ ಕೈಗೆತ್ತಿಕೊಂಡಿದ್ದಾರೆ. ಕೆಲವು ಕೋಣೆ ಮುಚ್ಚಿರಬಹುದು. ಹೊರಡುವ ಮುಂಚೆ ನ್ಯಾಷನಲ್ ಪಾರ್ಕ್ ಸರ್ವಿಸಿನ ಸೈಟ್ ಒಮ್ಮೆ ನೋಡಿಕೊಳ್ಳಿ.

ಹೆಸರು ಹುಡುಕುವುದು

ಪ್ರಯಾಣಿಕರ ದಾಖಲೆ ಹುಡುಕುವ ಕಂಪ್ಯೂಟರ್ ಕೇಂದ್ರ ಒಳಗೇ ಇದೆ. ಅದೇ ದಾಖಲೆ ಮನೆಯಿಂದ ಆನ್‌ಲೈನಿನಲ್ಲೂ ಪುಕ್ಕಟೆ ಸಿಗುತ್ತದೆ, ಹಾಗಾಗಿ ಅಲ್ಲಿ ಹೊತ್ತು ಕಳೆಯಬೇಡಿ. ನಮ್ಮ ಕಡೆಯ ಹೆಸರು ಸಿಗುವ ಆಸೆಯೂ ಜಾಸ್ತಿ ಬೇಡ. 1917ರ ಕಾನೂನು ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. 1946ರಲ್ಲಿ ತೆರೆದಾಗಲೂ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. ಬಾಗಿಲು ನಿಜವಾಗಿ ತೆರೆದದ್ದು 1965ರ ಕಾನೂನಿನಿಂದ, ಆಗ ಎಲ್ಲಿಸ್ ಮುಚ್ಚಿ ಹತ್ತು ವರ್ಷ ದಾಟಿತ್ತು. ಕನ್ನಡದವರು ಹೆಚ್ಚಾಗಿ ಬಂದದ್ದು ಅದಾದ ಮೇಲೆ, ವಿಮಾನದಲ್ಲಿ. ಆ ಕಾಲದ ಕತೆಗೆ ಕೆಳಮಹಡಿಯಲ್ಲಿ ಬೇರೆ ವಿಭಾಗ ಇದೆ, 1945ರಿಂದ ಈಚಿನದು. ನಮ್ಮದು ಅಲ್ಲಿ ಬರುತ್ತದೆ.

ಗಟ್ಟಿ ಮನಸ್ಸಿನವರಿಗೆ: ಆಸ್ಪತ್ರೆ

ಬೋಟು ನಿಲ್ಲುವ ಜಾಗದ ಇನ್ನೊಂದು ಮಗ್ಗುಲಲ್ಲಿ ಇರುವುದು ಹಳೆಯ ಆಸ್ಪತ್ರೆ. ಅದನ್ನು ರಿಪೇರಿ ಮಾಡಿಲ್ಲ, ಬೀಳದ ಹಾಗೆ ತಡೆದಿದ್ದಾರೆ ಅಷ್ಟೆ. ಹೆಲ್ಮೆಟ್ ಹಾಕಿಸಿ ಒಂದೂವರೆ ಗಂಟೆ ಸುತ್ತಾಡಿಸುತ್ತಾರೆ. ಬೇರೆ ಟಿಕೆಟ್, ಮುಂಚೆಯೇ ಬುಕ್ ಮಾಡಬೇಕು, 13 ವರ್ಷಕ್ಕಿಂತ ಚಿಕ್ಕವರನ್ನು ಬಿಡುವುದಿಲ್ಲ. ಸಿಪ್ಪೆ ಎದ್ದ ಗೋಡೆ, ಒಡೆದ ಕಿಟಕಿ, ಕಿಟಕಿಯಾಚೆ ಪ್ರತಿಮೆ. ಗೋಡೆಗಳ ಮೇಲೆ ಜೆಆರ್ ಅನ್ನುವ ಫ್ರೆಂಚ್ ಕಲಾವಿದ 2014ರಲ್ಲಿ ಅಂಟಿಸಿದ ಹಳೆಯ ಫೋಟೊಗಳಿವೆ. ಇಲ್ಲಿ ಸುಮಾರು 3,500 ಜನ ಸತ್ತರು, 350 ಮಕ್ಕಳು ಹುಟ್ಟಿದರು. ಮಂಡಿನೋವಿನವರನ್ನು ಕರೆದುಕೊಂಡು ಹೋಗಬೇಡಿ. ನೀವೊಬ್ಬರೇ ಇನ್ನೊಂದು ದಿನ ಬನ್ನಿ.

ಮುಂದೆ ಪ್ರತಿಮೆ, ಆಮೇಲೆ ವಾಪಸ್ಸು

ಎಲ್ಲಿಸ್‌ಗೆ ಮೂರು ಗಂಟೆ, ಪ್ರತಿಮೆಯ ದ್ವೀಪಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಒಂದು ಸುತ್ತು, ನಾಲ್ಕು ಫೋಟೊ, ಸಾಕು. ದಡದಿಂದ ಮಧ್ಯಾಹ್ನ ಒಂದರ ಮೇಲೆ ಹೊರಟವರಿಗೆ ಎರಡೂ ನೆಮ್ಮದಿಯಾಗಿ ಆಗುವುದಿಲ್ಲ. ಆಗ ಎಲ್ಲಿಸ್‌ನಲ್ಲೇ ಇರಿ, ಪ್ರತಿಮೆ ಬೋಟಿನಿಂದ ಚೆನ್ನಾಗಿಯೇ ಕಾಣುತ್ತದೆ.

ವಾಪಸ್ಸು ಬರುವಾಗ ಬೋರ್ಡು ಓದಿ ಹತ್ತಿ. ನ್ಯೂಯಾರ್ಕ್ ಬೋಟು ಬೇರೆ, ನ್ಯೂಜೆರ್ಸಿ ಬೋಟು ಬೇರೆ. ಕಾರು ಜೆರ್ಸಿಯಲ್ಲಿ, ನೀವು ಮ್ಯಾನ್‌ಹಟನ್ನಿನಲ್ಲಿ ಅಂತ ಆಗಬಾರದು. ಕೊನೆಯ ಬೋಟಿನ ಸಮಯವನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ.

ಜೆರ್ಸಿ ದಡದಲ್ಲಿ ಇಳಿದ ಮೇಲೆ ನೇರ ಕಾರಿಗೆ ಹೋಗಬೇಡಿ. ಪಕ್ಕದಲ್ಲೇ ಸೆಂಟ್ರಲ್ ರೈಲ್‌ರೋಡಿನ ಹಳೆಯ ಸ್ಟೇಷನ್ ಇದೆ, 1889ರದು. ಎಲ್ಲಿಸ್‌ನಲ್ಲಿ ಪಾಸಾಗಿ ದೂರದ ಊರುಗಳಿಗೆ ಹೊರಟವರಲ್ಲಿ ಬಹಳ ಜನ ರೈಲು ಹತ್ತಿದ್ದು ಇಲ್ಲಿ. 1967ರಲ್ಲಿ ರೈಲು ನಿಂತಿತು. ಟಿಕೆಟ್ ಹಾಲ್ ಹಾಗೇ ಇದೆ. ಹಿಂದೆ 20 ಹಳಿಗಳ ಶೆಡ್ಡಿನಲ್ಲಿ ಗಿಡ ಬೆಳೆದಿದೆ, ಬೇಲಿಯಾಚೆಯಿಂದ ನೋಡಬಹುದು. ಅಪ್ಪ ಬೇಲಿ ಹಿಡಿದುಕೊಂಡು ಹಳಿ ಇದ್ದ ಜಾಗ ಎಣಿಸುತ್ತಾ ನಿಂತರು. ‘ಇಪ್ಪತ್ತು ಪ್ಲಾಟ್‌ಫಾರಂಗೆ ಎಷ್ಟು ಜನ ಪೋರ್ಟರ್ ಇದ್ರೋ’ ಅಂದರು. ಅಮ್ಮ ಆಗಲೇ ಕಾರಿನ ಕಡೆ ಹೊರಟಿದ್ದರು.